ಸಿ ಪ್ರೋಗ್ರಾಮಿನೊಳಗೆ ಪರ್ಲ್ ಕೂರಿಸಿದೆ, ಎನ್‌ಕೋಡ್ ಲೋಡ್ ಆಗ್ತಿಲ್ಲ. ಸ್ಟಾರ್ಟಪ್ ಕೋಡ್ ಕೈಯಲ್ಲಿ ಬರೀಬೇಕಾ, ಜನರೇಟ್ ಮಾಡಬೇಕಾ?

ಅಕ್ಷರಜೋಡಣೆ:
ಎಲ್ಲರಿಗೂ ನಮಸ್ಕಾರ. ಎರಡು ದಿನದಿಂದ ಒಂದೇ ಕಡೆ ಸಿಕ್ಕಿಹಾಕಿಕೊಂಡಿದ್ದೇನೆ, ಗೊತ್ತಿರುವವರು ದಾರಿ ತೋರಿಸಿ.

ನಮ್ಮದು ಹುಬ್ಬಳ್ಳಿಯಲ್ಲಿ ಚಿಕ್ಕ ಡಿಟಿಪಿ ಅಂಗಡಿ. ಹಳೇ ಪುಸ್ತಕಗಳ ಫೈಲ್ ಎಲ್ಲಾ ನುಡಿ ಫಾಂಟಿನಲ್ಲಿವೆ, ಯೂನಿಕೋಡ್ ಅಲ್ಲ. ಅವನ್ನು ಯೂನಿಕೋಡಿಗೆ ತಿರುಗಿಸಲು ಅಪ್ಪನ ಕಾಲದ ಒಂದು ಪರ್ಲ್ ಸ್ಕ್ರಿಪ್ಟ್ ಇದೆ. ಒತ್ತಕ್ಷರ, ಅರ್ಕಾವತ್ತು, ವಟ್ರಸುಳಿ ಎಲ್ಲಾ ಸರಿಮಾಡುವ ರೆಜೆಕ್ಸ್ (ಅಕ್ಷರಗಳ ಮಾದರಿ ಹುಡುಕಿ ಬದಲಿಸುವ) ಸಾಲುಗಳೇ ನೂರಾರು. ಅದನ್ನೆಲ್ಲಾ ಸಿ ನಲ್ಲಿ ಮತ್ತೆ ಬರೆದರೆ ಎಲ್ಲಿ ಏನು ತಪ್ಪುತ್ತೋ ಅಂತ ಭಯ. ಹಾಗಾಗಿ ನಮ್ಮ ಸಿ ಪ್ರೋಗ್ರಾಮಿನೊಳಗೇ ಪರ್ಲ್ ಇಂಟರ್‌ಪ್ರಿಟರ್, ಅಂದರೆ ಪರ್ಲ್ ಸ್ಕ್ರಿಪ್ಟ್ ಓದಿ ಓಡಿಸುವ ಭಾಗವನ್ನು ಕೂರಿಸಿದೆ (ಎಂಬೆಡ್ ಮಾಡಿದೆ). ಪರ್ಲ್ ಜೊತೆಗೇ ಬರುವ ಪರ್ಲ್‌ಎಂಬೆಡ್ ಡಾಕ್ಯುಮೆಂಟಿನ ಮೊದಲ ಉದಾಹರಣೆ ನೋಡಿ ಮಾಡಿದ್ದು. ಅದರಲ್ಲಿರುವ ಹಾಗೆ ಪರ್ಲ್_ಅಲಾಕ್, ಪರ್ಲ್_ಕನ್‌ಸ್ಟ್ರಕ್ಟ್, ಪರ್ಲ್_ಪಾರ್ಸ್, ಪರ್ಲ್_ರನ್ ಫಂಕ್ಷನ್‌ಗಳನ್ನು ಕರೆದಿದ್ದೇನೆ. ಪರ್ಲ್_ಪಾರ್ಸ್‌ಗೆ ಎರಡನೇ ಆರ್ಗ್ಯುಮೆಂಟ್ ನಲ್ (ಏನೂ ಇಲ್ಲ ಅಂತ) ಕೊಟ್ಟಿದ್ದೇನೆ.

ಚಿಕ್ಕ ಸ್ಕ್ರಿಪ್ಟ್ ಚೆನ್ನಾಗಿ ಓಡುತ್ತದೆ. ಸ್ಟ್ರಿಕ್ಟ್ ಹಾಕಿದರೂ ಓಡುತ್ತದೆ. ಆದರೆ ಅಕ್ಷರಗಳ ಎನ್‌ಕೋಡಿಂಗ್ ಬದಲಿಸುವ ಎನ್‌ಕೋಡ್ ಮಾಡ್ಯೂಲ್ ಹಾಕಿದ ತಕ್ಷಣ ಸಾಯುತ್ತದೆ. 'ಕಾಂಟ್ ಲೋಡ್ ಮಾಡ್ಯೂಲ್ ಎನ್‌ಕೋಡ್, ಡೈನಾಮಿಕ್ ಲೋಡಿಂಗ್ ನಾಟ್ ಅವೈಲಬಲ್ ಇನ್ ದಿಸ್ ಪರ್ಲ್' ಅನ್ನುತ್ತದೆ. ಅದೇ ಸ್ಕ್ರಿಪ್ಟನ್ನು ಟರ್ಮಿನಲ್‌ನಲ್ಲಿ ಪರ್ಲ್ ಕೊಟ್ಟು ಓಡಿಸಿದರೆ ಏನೂ ತೊಂದರೆ ಇಲ್ಲ! ನೆಟ್‌ನಲ್ಲಿ ಹುಡುಕಿದಾಗ ಎಕ್ಸ್‌ಎಸ್_ಇನಿಟ್ ಅಂತ ಸ್ಟಾರ್ಟಪ್‌ಗೆ ಏಳೆಂಟು ಸಾಲಿನ ಸಿ ಫಂಕ್ಷನ್ ಸಿಕ್ಕಿತು. ಕೆಲವರು ಅದನ್ನು ಹಾಗೇ ಕಾಪಿ ಮಾಡಿ ಅಂತಾರೆ, ಕೆಲವರು ಪರ್ಲ್‌ನಿಂದಲೇ ಜನರೇಟ್ ಮಾಡಿಸಲೇಬೇಕು ಅಂತಾರೆ. ಯಾವುದು ಸರಿ?

ಚಂದಿರ:
ನಲ್ ಕೊಟ್ಟಿದ್ದೇ ತಪ್ಪು. ಆ ಜಾಗಕ್ಕೆ ಎಕ್ಸ್‌ಎಸ್_ಇನಿಟ್ ಕೊಡಿ, ಆಗುತ್ತೆ.

ತುಂಗಾತೀರ:
ಚಂದಿರ ಹೇಳಿದ್ದು ಸರಿ, ಆದರೆ ಯಾಕೆ ಅಂತ ಗೊತ್ತಾಗಬೇಕು, ಇಲ್ಲಾಂದ್ರೆ ಮುಂದಿನ ಎರರ್‌ಗೆ ಮತ್ತೆ ಎರಡು ದಿನ ಹೋಗುತ್ತೆ.

ಪರ್ಲ್ ಮಾಡ್ಯೂಲ್‌ಗಳಲ್ಲಿ ಎರಡು ಜಾತಿ. ಸ್ಟ್ರಿಕ್ಟ್, ವಾರ್ನಿಂಗ್ಸ್ ಥರದವು ಶುದ್ಧ ಪರ್ಲ್. ಫೈಲ್ ಓದಿದರೆ ಸಾಕು, ಮುಗೀತು. ಎನ್‌ಕೋಡ್, ಲಿಸ್ಟ್ ಯುಟಿಲ್, ಸಾಕೆಟ್, ಪೋಸಿಕ್ಸ್ ಇವೆಲ್ಲಾ ಒಳಗೆ ಸಿ ಕೋಡ್. ಡಿಸ್ಕಿನ ಮೇಲೆ ಅವು ಡಾಟ್ ಎಸ್‌ಒ ಫೈಲುಗಳು, ಅಂದರೆ ಮೊದಲೇ ಕಂಪೈಲ್ ಆದ ಲೈಬ್ರರಿಗಳು. ಅವನ್ನು ಮೆಮೊರಿಗೆ ಎಳೆದುಕೊಳ್ಳುವುದು ಡೈನಾಲೋಡರ್ ಕೆಲಸ. ಆದರೆ ಡೈನಾಲೋಡರ್ ಕೂಡ ಸಿ ನಲ್ಲೇ ಬರೆದದ್ದು. ಹಾಗಾದರೆ ಡೈನಾಲೋಡರನ್ನು ಲೋಡ್ ಮಾಡುವವರು ಯಾರು? ಯಾರೂ ಇಲ್ಲ. ಅದೊಂದನ್ನು ಮಾತ್ರ ಇಂಟರ್‌ಪ್ರಿಟರ್ ಶುರುವಾಗುವಾಗಲೇ ಕೈಹಿಡಿದು ಒಳಗೆ ಕೂರಿಸಬೇಕು. ಆ ಕೆಲಸ ಮಾಡುವುದೇ ಎಕ್ಸ್‌ಎಸ್_ಇನಿಟ್. ಮೊಸರು ಮಾಡಲು ಹೆಪ್ಪು ಬೇಕಲ್ಲ, ಹಾಗೆ. ಹೆಪ್ಪು ಹಾಕದೆ ಹಾಲಿಟ್ಟು ಬೆಳಿಗ್ಗೆ ನೋಡಿದರೆ ಹಾಲೇ ಇರುತ್ತದೆ.

ಟರ್ಮಿನಲ್ ಪರ್ಲ್‌ನಲ್ಲಿ ಯಾಕೆ ಓಡುತ್ತದೆ ಅಂದರೆ, ಆ ಪರ್ಲ್ ಬಿಲ್ಡ್ ಆಗುವಾಗ ಪರ್ಲ್‌ಮೇನ್ ಡಾಟ್ ಸಿ ಅನ್ನೋ ಫೈಲ್ ತಯಾರಾಗಿ ಅದರೊಳಗೆ ಇದೇ ಎಕ್ಸ್‌ಎಸ್_ಇನಿಟ್ ಸೇರಿರುತ್ತದೆ. ನೀವು ಸ್ವಂತ ಮೇನ್ ಬರೆದಿರಿ, ಆ ಭಾಗ ಬಿಟ್ಟುಹೋಯಿತು, ಅಷ್ಟೇ.

ಜನರೇಟ್ ಮಾಡುವುದು ಸುಲಭ. ಪರ್ಲ್‌ಗೆ ಮೈನಸ್ ಎಂ ಕೊಟ್ಟು ಎಕ್ಸ್‌ಯುಟಿಲ್ಸ್ ಎಂಬೆಡ್ ಮಾಡ್ಯೂಲ್ ಹಾಕಿ, ಮೈನಸ್ ಇ ಕೊಟ್ಟು ಎಕ್ಸ್‌ಎಸ್‌ಇನಿಟ್ ಕರೆಯಿರಿ. ಪಕ್ಕದಲ್ಲೇ ಪರ್ಲ್‌ಎಕ್ಸ್‌ಎಸ್‌ಐ ಡಾಟ್ ಸಿ ಅನ್ನೋ ಫೈಲ್ ಸಿಗುತ್ತದೆ. ತೆರೆದು ನೋಡಿ, ಹೆದರುವಂಥದ್ದು ಏನಿಲ್ಲ. ಮೇಲೆ ಮೂರ್ನಾಲ್ಕು ಇನ್‌ಕ್ಲೂಡ್. ಆಮೇಲೆ ಬೂಟ್_ಡೈನಾಲೋಡರ್ ಅನ್ನೋ ಫಂಕ್ಷನ್ ಬೇರೆ ಕಡೆ ಇದೆ ಅಂತ ಒಂದು ಡಿಕ್ಲರೇಶನ್. ಕೆಳಗೆ ಎಕ್ಸ್‌ಎಸ್_ಇನಿಟ್, ಅದರೊಳಗೆ 'ಡೈನಾಲೋಡರ್ ಈಸ್ ಎ ಸ್ಪೆಷಲ್ ಕೇಸ್' ಅಂತ ಒಂದು ಕಾಮೆಂಟ್, ಅದರ ಕೆಳಗೆ ನ್ಯೂಎಕ್ಸ್‌ಎಸ್ ಅಂತ ಒಂದು ಕಾಲ್. ಆ ಒಂದು ಸಾಲು ಇಲ್ಲದೇ ನಿಮ್ಮ ಎರಡು ದಿನ ಹೋಯಿತು.

ಮೇಕ್‌ಫೈಲ್ ಮಂಜ:
ಇಷ್ಟು ಚಿಕ್ಕ ಫೈಲಿಗೆ ಜನರೇಟರ್ ಯಾಕೆ ಸ್ವಾಮಿ? ನಾನು ಒಮ್ಮೆ ಕೈಯಲ್ಲಿ ಬರೆದು ಗಿಟ್‌ಗೆ (ಕೋಡ್ ಇಡುವ ಸಂಗ್ರಹಕ್ಕೆ) ಹಾಕಿಬಿಟ್ಟಿದ್ದೇನೆ. ವರ್ಷಗಟ್ಟಲೆ ಅದೇ ಓಡುತ್ತಿದೆ. ಬಿಲ್ಡ್‌ನಲ್ಲಿ ಒಂದು ಹೆಜ್ಜೆ ಜಾಸ್ತಿ ಆದರೆ ಕೆಡುವ ಜಾಗವೂ ಒಂದು ಜಾಸ್ತಿ.

ನೆರಳುಬೆಳಕು:
ಮಂಜಣ್ಣ, ಕೈಯಲ್ಲಿ ಬರೆದು ನಾನು ಅನುಭವಿಸಿದ್ದು ಹೇಳ್ತೀನಿ ಕೇಳಿ. ನ್ಯೂಎಕ್ಸ್‌ಎಸ್‌ಗೆ ಮೊದಲ ಆರ್ಗ್ಯುಮೆಂಟ್ ಒಂದು ಸ್ಟ್ರಿಂಗ್. ಇಂಗ್ಲಿಷಿನಲ್ಲಿ ಡೈನಾಲೋಡರ್ ಬರೆಯುವಾಗ ನಡುವಿನ 'ಎಲ್' ದೊಡ್ಡಕ್ಷರ ಆಗಬೇಕು. ನಾನು ಚಿಕ್ಕದು ಹೊಡೆದೆ. ಸ್ಟ್ರಿಂಗ್ ಒಳಗಿರುವ ಹೆಸರು ಕಂಪೈಲರ್‌ಗೆ ಏನು ಗೊತ್ತು? ಕಂಪೈಲ್ ಆಯಿತು, ಲಿಂಕ್ ಆಯಿತು, ಒಂದು ವಾರ್ನಿಂಗೂ ಇಲ್ಲ. ಓಡಿಸಿದರೆ ಮತ್ತೆ ಅದೇ 'ಡೈನಾಮಿಕ್ ಲೋಡಿಂಗ್ ನಾಟ್ ಅವೈಲಬಲ್'. ಎನ್‌ಕೋಡ್ ಥರದವನ್ನು ಲೋಡ್ ಮಾಡುವ ಎಕ್ಸ್‌ಎಸ್‌ಲೋಡರ್ ಮಾಡ್ಯೂಲ್ ಒಳಗೆ ಹೋಗಿ ನೋಡಿದಾಗ, ಡೈನಾಲೋಡರ್ ಪ್ಯಾಕೇಜಿನಲ್ಲಿ ಬೂಟ್_ಡೈನಾಲೋಡರ್ ಡಿಫೈನ್ ಆಗಿದ್ದರೆ ಮಾತ್ರ ಕರೆಯುತ್ತದೆ, ಇಲ್ಲದಿದ್ದರೆ ಸುಮ್ನೆ ಮುಂದೆ ಹೋಗುತ್ತದೆ ಅಂತ ಗೊತ್ತಾಯಿತು. ನಾನು ಬೇರೆ ಹೆಸರಿನ ಪ್ಯಾಕೇಜಿನಲ್ಲಿ ಕೂರಿಸಿದ್ದೆ, ಅದಕ್ಕೆ ಸಿಗಲೇ ಇಲ್ಲ. ಒಂದು ಅಕ್ಷರ! ಅವತ್ತಿಂದ ನಾನು ಈ ಫೈಲನ್ನು ಕೈಯಲ್ಲಿ ಮುಟ್ಟಿಲ್ಲ.

ಮೇಕ್‌ಫೈಲ್ ಮಂಜ:
ಅದು ಟೈಪಿಂಗ್ ತಪ್ಪು. ಕಾಪಿ ಪೇಸ್ಟ್ ಮಾಡಿದ್ದರೆ ಬರುತ್ತಿರಲಿಲ್ಲ.

ಲಿನಕ್ಸ್ ಅಜ್ಜ:
ಕಾಪಿ ಪೇಸ್ಟ್ ಮಾಡಿದರೂ ಬರುತ್ತದೆ ಮಂಜ, ಬೇರೆ ರೂಪದಲ್ಲಿ ಬರುತ್ತದೆ. ನಾನು ಈ ಕೆಲಸ ಪರ್ಲ್ 5.005 ಕಾಲದಿಂದ ಮಾಡುತ್ತಿದ್ದೇನೆ. ಆಗ ಎಕ್ಸ್‌ಎಸ್_ಇನಿಟ್ ಬ್ರಾಕೆಟ್ಟಿನಲ್ಲಿ ಏನೂ ಇರಲಿಲ್ಲ. 2000ರಲ್ಲಿ 5.6 ಬಂತು, ಒಂದು ಪ್ರೋಗ್ರಾಮಿನಲ್ಲಿ ಹಲವು ಇಂಟರ್‌ಪ್ರಿಟರ್ ಓಡಿಸಲು ಪಿಟಿಎಚ್‌ಎಕ್ಸ್ ಅನ್ನೋ ಮ್ಯಾಕ್ರೋ ತಂದರು. ಯಾವ ಇಂಟರ್‌ಪ್ರಿಟರ್ ಅಂತ ಹೇಳುವ ಪಾಯಿಂಟರ್ ಅದು. ಥ್ರೆಡ್ (ಏಕಕಾಲಕ್ಕೆ ಹಲವು ಕೆಲಸ ಓಡಿಸುವ ಸೌಲಭ್ಯ) ಇರುವ ಪರ್ಲ್ ಆದರೆ ಅದು ಒಂದು ಆರ್ಗ್ಯುಮೆಂಟ್ ಆಗಿ ಬಿಚ್ಚಿಕೊಳ್ಳುತ್ತದೆ, ಥ್ರೆಡ್ ಇಲ್ಲದ ಪರ್ಲ್ ಆದರೆ ಮಾಯವಾಗುತ್ತದೆ. ಹಳೇ ಕೈಬರಹದ ಫೈಲುಗಳೆಲ್ಲಾ ಆಗ ಮುರಿದವು. ಕೆಲವು ಕಡೆ ಕಂಪೈಲ್ ಆಗಲಿಲ್ಲ. ಥ್ರೆಡ್ ಇಲ್ಲದ ಪರ್ಲ್ ಇದ್ದ ಮಷೀನಿನಲ್ಲಿ ಆಯಿತು. ಒಂದು ಕಡೆ ಆಗುತ್ತೆ, ಇನ್ನೊಂದು ಕಡೆ ಆಗಲ್ಲ ಅನ್ನೋ ತಾಪತ್ರಯ ಇದೆಯಲ್ಲ, ಅದಕ್ಕಿಂತ ಪೂರ್ತಿ ಮುರಿದರೇ ವಾಸಿ.

ಇನ್ನೊಂದು ವಿಷಯ. ಎಲ್ಲ ಪರ್ಲ್‌ಗಳೂ ಒಂದೇ ಥರ ಬಿಲ್ಡ್ ಆಗಿರುವುದಿಲ್ಲ. ಕೆಲವು ಕಡೆ ಕೆಲವು ಮಾಡ್ಯೂಲನ್ನು ಸ್ಟ್ಯಾಟಿಕ್ ಆಗಿ ಒಳಗೇ ಸೇರಿಸಿರುತ್ತಾರೆ. ಅಂಥ ಪರ್ಲ್‌ನಲ್ಲಿ ಎಕ್ಸ್‌ಎಸ್‌ಇನಿಟ್‌ಗೆ ಮೈನಸ್ ಎಸ್‌ಟಿಡಿ ಕೊಟ್ಟು ಓಡಿಸಿದರೆ, ಕನ್ಫಿಗ್‌ನಲ್ಲಿರುವ (ಆ ಪರ್ಲ್‌ನ ಬಿಲ್ಡ್ ವಿವರಗಳಲ್ಲಿರುವ) ಸ್ಟ್ಯಾಟಿಕ್ ಪಟ್ಟಿ ನೋಡಿ ಒಂದೊಂದಕ್ಕೂ ಒಂದು ಬೂಟ್ ಸಾಲು ಬರೆದುಕೊಡುತ್ತದೆ. ನಿಮ್ಮ ಕಾಪಿ ಪೇಸ್ಟಿನಲ್ಲಿ ಅದು ಇರುವುದಿಲ್ಲ. ಯಾವ ಪರ್ಲ್ ಜೊತೆ ಲಿಂಕ್ ಮಾಡುತ್ತೀರೋ ಅದೇ ಪರ್ಲನ್ನು ಕೇಳಿ ಬರೆಸಿಕೊಳ್ಳಬೇಕು. ಅದಕ್ಕೇ ಆ ಮಾಡ್ಯೂಲ್ ಇರುವುದು.

ಮೇಕ್‌ಫೈಲ್ ಮಂಜ:
ಥ್ರೆಡ್ ವಿಷಯ ಒಪ್ಪಿದೆ ಅಜ್ಜ. ಆದರೆ 2000ದ ಕಥೆ ಅದು. ಆಮೇಲೆ ಆ ಫೈಲ್ ಎಷ್ಟು ಸಲ ಬದಲಾಗಿದೆ ಹೇಳಿ? ನನ್ನ ಫೈಲ್ ಈಗಲೂ ಓಡುತ್ತಿದೆ ಅನ್ನೋದು ಸುಳ್ಳಲ್ಲ.

ಅಕ್ಷರಜೋಡಣೆ:
ಎಲ್ಲರಿಗೂ ಧನ್ಯವಾದ. ತುಂಗಾತೀರ ಸರ್ ಹೇಳಿದ ಹಾಗೆ ಜನರೇಟ್ ಮಾಡಿದೆ, ನಲ್ ತೆಗೆದು ಎಕ್ಸ್‌ಎಸ್_ಇನಿಟ್ ಕೊಟ್ಟೆ. ಹಳೇ ಎರರ್ ಹೋಯಿತು! ಆದರೆ ಹೊಸದು ಬಂತು. 'ಲೋಡಬಲ್ ಲೈಬ್ರರಿ ಅಂಡ್ ಪರ್ಲ್ ಬೈನರೀಸ್ ಆರ್ ಮಿಸ್‌ಮ್ಯಾಚ್ಡ್' ಅಂತ, ಜೊತೆಗೆ ಹ್ಯಾಂಡ್‌ಶೇಕ್ ಕೀ ಅಂತ ಎರಡು ಉದ್ದನೆಯ ನಂಬರ್. ಇದೇನು?

ಚಂದಿರ:
ನಿಮ್ಮ ಹತ್ರ ಎರಡು ಪರ್ಲ್ ಇದೆ. ಬೇರೆ ಪರ್ಲ್ ಇನ್‌ಸ್ಟಾಲ್ ಮಾಡುವ ಪರ್ಲ್‌ಬ್ರೂ ಹಾಕಿದ್ದೀರಾ?

ಅಕ್ಷರಜೋಡಣೆ:
ಹೌದು ಹಾಕಿದ್ದೇನೆ. ಉಬುಂಟು ಜೊತೆ ಬಂದ ಪರ್ಲ್ ಒಂದು, ಪರ್ಲ್‌ಬ್ರೂದು ಒಂದು. ಆದರೆ ನಾನು ಲಿಂಕ್ ಮಾಡಿದ್ದು ಸಿಸ್ಟಮ್‌ನ ಲಿಬ್‌ಪರ್ಲ್ (ಪರ್ಲ್ ಲೈಬ್ರರಿ) ಜೊತೆ. ಗೂಗಲ್‌ನಲ್ಲಿ ಸಿಕ್ಕ ಜಿಸಿಸಿ (ಸಿ ಕಂಪೈಲರ್) ಸಾಲನ್ನೇ ಹಾಕಿದ್ದೆ. ಲಿಬ್‌ಪರ್ಲ್ ಸಿಗುತ್ತಿಲ್ಲ ಅಂತ ಎರರ್ ಬಂದಾಗ ಲಿಬ್‌ಪರ್ಲ್-ಡೆವ್ ಪ್ಯಾಕೇಜ್ ಇನ್‌ಸ್ಟಾಲ್ ಮಾಡಿದೆ.

ಲಿನಕ್ಸ್ ಅಜ್ಜ:
ಅಲ್ಲೇ ಸಿಕ್ಕಿತು ನೋಡಿ. ಎಕ್ಸ್‌ಎಸ್‌ಇನಿಟ್ ಓಡಿಸಿದ್ದು ಪರ್ಲ್‌ಬ್ರೂ ಪರ್ಲ್‌ನಿಂದ. ಲಿಂಕ್ ಆಗಿದ್ದು ಸಿಸ್ಟಮ್ ಪರ್ಲ್ ಜೊತೆ. ಓಡುವಾಗ, ಮಾಡ್ಯೂಲ್ ಎಲ್ಲಿ ಹುಡುಕಬೇಕು ಅಂತ ಹೇಳುವ ಪರ್ಲ್5ಲಿಬ್ ಎನ್ವಿರಾನ್‌ಮೆಂಟ್ ವೇರಿಯಬಲ್ ಏನಾದರೂ ಪರ್ಲ್‌ಬ್ರೂ ಡೈರೆಕ್ಟರಿ ಕಡೆ ತೋರಿಸುತ್ತಿದ್ದರೆ, ಆ ಪರ್ಲ್‌ಗೆ ಕಂಪೈಲ್ ಆದ ಡಾಟ್ ಎಸ್‌ಒ ಈ ಪರ್ಲ್‌ನೊಳಗೆ ಬಂದು ಕೂರಲು ನೋಡುತ್ತದೆ. ಒಳಗಿನ ಸ್ಟ್ರಕ್ಚರ್‌ಗಳ ಅಳತೆ ಬೇರೆ ಬೇರೆ. ಅದನ್ನು ಮೊದಲೇ ಹಿಡಿಯಲಿಕ್ಕೇ ಆ ಹ್ಯಾಂಡ್‌ಶೇಕ್. ಅದು ಇಲ್ಲದ ಕಾಲದಲ್ಲಿ ಇಂಥದ್ದಕ್ಕೆ ನೇರ ಸೆಗ್‌ಫಾಲ್ಟ್ ಬಂದು ಪ್ರೋಗ್ರಾಮ್ ಸಾಯುತ್ತಿತ್ತು, ಯಾಕೆ ಅಂತಲೂ ಗೊತ್ತಾಗುತ್ತಿರಲಿಲ್ಲ.

ಮಾಡಬೇಕಾದ್ದು ಇಷ್ಟು. ಮೇಕ್‌ಫೈಲಿನ (ಬಿಲ್ಡ್ ಹೆಜ್ಜೆಗಳ ಫೈಲಿನ) ತಲೆಯಲ್ಲಿ ಪರ್ಲ್ ಅಂತ ಒಂದೇ ವೇರಿಯಬಲ್ ಇಡಿ, ಪೂರ್ತಿ ಪಾಥ್ ಸಮೇತ. ಎಕ್ಸ್‌ಎಸ್‌ಇನಿಟ್ ಅದರಿಂದಲೇ ಓಡಿಸಿ. ಕಂಪೈಲ್ ಆಪ್ಷನ್ ಸಿಸಿಆಪ್ಟ್ಸ್‌ನಿಂದ, ಲಿಂಕ್ ಆಪ್ಷನ್ ಎಲ್‌ಡಿಆಪ್ಟ್ಸ್‌ನಿಂದ ತಗೊಳ್ಳಿ, ಎರಡೂ ಅದೇ ಪರ್ಲ್, ಅದೇ ಎಕ್ಸ್‌ಯುಟಿಲ್ಸ್ ಎಂಬೆಡ್. ಗೂಗಲ್ ಸಾಲು ಅಳಿಸಿಹಾಕಿ.

ತುಂಗಾತೀರ:
ಎಲ್‌ಡಿಆಪ್ಟ್ಸ್ ಬಗ್ಗೆ ಒಂದು ಮಾತು ಸೇರಿಸುತ್ತೇನೆ. ಪರ್ಲ್‌ಬ್ರೂ ಸುಮ್ನೆ ಇನ್‌ಸ್ಟಾಲ್ ಮಾಡಿದರೆ ಸಿಗೋದು ಲಿಬ್‌ಪರ್ಲ್ ಡಾಟ್ ಎ, ಅಂದರೆ ಸ್ಟ್ಯಾಟಿಕ್ ಲೈಬ್ರರಿ. ಆಗ ಇಡೀ ಪರ್ಲ್ ನಿಮ್ಮ ಪ್ರೋಗ್ರಾಮಿನೊಳಗೇ ಸೇರುತ್ತದೆ. ಆಮೇಲೆ ಎನ್‌ಕೋಡ್‌ನ ಡಾಟ್ ಎಸ್‌ಒ ಬಂದು ಪರ್ಲ್ ಫಂಕ್ಷನ್‌ಗಳು ಎಲ್ಲಿ ಅಂತ ಕೇಳಿದಾಗ, ನಿಮ್ಮ ಪ್ರೋಗ್ರಾಮೇ ಅವನ್ನು ತೋರಿಸಬೇಕು. ಅದಕ್ಕೆ ಲಿಂಕರ್‌ಗೆ ದೊಡ್ಡಕ್ಷರದ ಇ ಆಪ್ಷನ್ ಬೇಕು. ಅದು ಇಲ್ಲದಿದ್ದರೆ 'ಅನ್‌ಡಿಫೈನ್ಡ್ ಸಿಂಬಲ್' ಅಂತ ಮೂರನೇ ಎರರ್ ಬರುತ್ತದೆ. ಎಲ್‌ಡಿಆಪ್ಟ್ಸ್ ಕೇಳಿದರೆ ಲಿನಕ್ಸ್‌ನಲ್ಲಿ ಅದನ್ನೂ ತಾನೇ ಸೇರಿಸಿ ಕೊಡುತ್ತದೆ. ಮಂಜ ಅವರ ಕೈಬರಹದ ಸಾಲಿನಲ್ಲಿ ಅದು ಇದೆಯಾ?

ಮೇಕ್‌ಫೈಲ್ ಮಂಜ:
ಇದೆ. ನಾನು ಅಷ್ಟೂ ತಿಳಿಯದೆ ಬರೆದಿಲ್ಲ. 🙂

ಹೆಬ್ಬಾವು:
ಪೈಥಾನ್ ಕಡೆಯಿಂದ ಬಂದೆ. ಇದೇ ಗಲಾಟೆ ನಮ್ಮಲ್ಲೂ ಇದೆ, ಸ್ವಲ್ಪ ಬೇರೆ ಥರ. ಸಿಪೈಥಾನ್ (ಸಿ ನಲ್ಲಿ ಬರೆದ ಮೂಲ ಪೈಥಾನ್) ಬಿಲ್ಡ್ ಮಾಡುವಾಗ ಮಾಡ್ಯೂಲ್ಸ್ ಡೈರೆಕ್ಟರಿಯಲ್ಲಿ ಸೆಟಪ್ ಅಂತ ಒಂದು ಪಟ್ಟಿ ಇರುತ್ತದೆ. ಮೇಕ್‌ಸೆಟಪ್ ಅನ್ನೋ ಶೆಲ್ ಸ್ಕ್ರಿಪ್ಟ್ ಅದನ್ನು ಓದಿ ಕನ್ಫಿಗ್ ಡಾಟ್ ಸಿ ಬರೆಯುತ್ತದೆ. ಮೂಲ ಅಚ್ಚಿನಲ್ಲಿ 'ಆಡ್‌ಮಾಡ್ಯೂಲ್ ಮಾರ್ಕರ್ 1', 'ಮಾರ್ಕರ್ 2' ಅಂತ ಎರಡು ಕಾಮೆಂಟ್ ಇವೆ. ಒಂದರ ಜಾಗಕ್ಕೆ ಡಿಕ್ಲರೇಶನ್‌ಗಳು ಬೀಳುತ್ತವೆ, ಇನ್ನೊಂದರ ಜಾಗಕ್ಕೆ ಹೆಸರು ಮತ್ತು ಫಂಕ್ಷನ್ ಜೋಡಿಗಳು. ಆ ಪಟ್ಟಿಗೆ ಇನಿಟ್‌ಟ್ಯಾಬ್ ಅಂತಾರೆ. ನಾವು ಎಂಬೆಡ್ ಮಾಡುವಾಗ ನಮ್ಮ ಸ್ವಂತ ಮಾಡ್ಯೂಲ್ ಸೇರಿಸಬೇಕಾದರೆ ಪೈಇಂಪೋರ್ಟ್_ಅಪೆಂಡ್‌ಇನಿಟ್‌ಟ್ಯಾಬ್ ಕರೆಯಬೇಕು, ಅದೂ ಪೈ_ಇನಿಷಿಯಲೈಜ್‌ಗೆ ಮೊದಲು. ಆಮೇಲೆ ಕರೆದರೆ ಪ್ರಯೋಜನ ಇಲ್ಲ.

ಜನರೇಟ್ ಆದ ಫೈಲನ್ನು ಗಿಟ್‌ಗೆ ಹಾಕಬೇಕಾ ಅನ್ನೋ ಜಗಳಕ್ಕೂ ನಮ್ಮಲ್ಲೊಂದು ಉದಾಹರಣೆ ಇದೆ. ಪೈಥಾನ್ 3.3ರಿಂದ ಇಂಪೋರ್ಟ್ ಮಾಡುವ ಕೋಡೇ ಪೈಥಾನ್‌ನಲ್ಲಿದೆ. ಇಂಪೋರ್ಟ್ ಮಾಡುವ ಕೋಡನ್ನು ಇಂಪೋರ್ಟ್ ಮಾಡುವುದು ಹೇಗೆ? ಅದರ ಬೈಟ್‌ಕೋಡನ್ನು (ಇಂಟರ್‌ಪ್ರಿಟರ್ ಓಡಿಸುವ ರೂಪವನ್ನು) ನಂಬರುಗಳ ಉದ್ದ ಪಟ್ಟಿಯಾಗಿ ಸಿ ಫೈಲಿನಲ್ಲಿ ಹಾಕಿ ಒಳಗೇ ಸೇರಿಸುತ್ತಾರೆ. ಫ್ರೋಜನ್ ಮಾಡ್ಯೂಲ್ ಅಂತ ಹೆಸರು. ಮೊದಲು ಆ ಜನರೇಟ್ ಆದ ಹೆಡರ್ ಫೈಲನ್ನು ರೆಪೊದಲ್ಲೇ (ಕೋಡ್ ಸಂಗ್ರಹದಲ್ಲೇ) ಇಟ್ಟಿದ್ದರು. ಪೈಥಾನ್‌ನ ನಾಲ್ಕು ಸಾಲು ಬದಲಿಸಿದರೆ ಹೆಡರ್‌ನಲ್ಲಿ ನೂರಾರು ಸಾಲು ನಂಬರ್ ಬದಲಾಗುತ್ತಿತ್ತು, ಇಬ್ಬರು ಮುಟ್ಟಿದರೆ ಮರ್ಜ್ ಕಾನ್‌ಫ್ಲಿಕ್ಟ್. 3.11ರ ಹೊತ್ತಿಗೆ ಅದನ್ನು ರೆಪೊದಿಂದ ತೆಗೆದು ಬಿಲ್ಡ್ ಸಮಯದಲ್ಲೇ ತಯಾರಿಸುವ ಹಾಗೆ ಮಾಡಿದರು. ಅದೇ ಆವೃತ್ತಿಯಲ್ಲಿ ಶುರುವಿನಲ್ಲೇ ಬೇಕಾಗುವ ಇನ್ನೂ ಹಲವು ಮಾಡ್ಯೂಲನ್ನು ಫ್ರೀಜ್ ಮಾಡಿದ್ದರಿಂದ ಸ್ಟಾರ್ಟಪ್ 10ರಿಂದ 15% ಬೇಗ ಆಯಿತು.

ನೆರಳುಬೆಳಕು:
ಹೆಬ್ಬಾವು ಹೇಳಿದ್ದು ಚೆನ್ನಾಗಿದೆ. ಬಿಲ್ಡ್ ಸಮಯದಲ್ಲಿ ಫ್ರೀಜ್ ಮಾಡಲು ಪೈಥಾನ್ ಬೇಕಲ್ಲ, ಅದು ಎಲ್ಲಿಂದ?

ಹೆಬ್ಬಾವು:
ಮೊದಲು ಚಿಕ್ಕದೊಂದು ಪ್ರೋಗ್ರಾಮ್ ಕಟ್ಟಿ ಇಂಪೋರ್ಟ್ ಕೋಡನ್ನು ಮಾತ್ರ ಫ್ರೀಜ್ ಮಾಡುತ್ತಾರೆ. ಅದನ್ನು ಇಟ್ಟುಕೊಂಡು ಬೂಟ್‌ಸ್ಟ್ರಾಪ್ ಪೈಥಾನ್ ಅಂತ ಒಂದನ್ನು ಕಟ್ಟುತ್ತಾರೆ. ಅದು ಉಳಿದವನ್ನು ಫ್ರೀಜ್ ಮಾಡುತ್ತದೆ. ಕೊನೆಗೆ ನಿಜವಾದ ಪೈಥಾನ್.

ಲಿನಕ್ಸ್ ಅಜ್ಜ:
ಪರ್ಲ್‌ನಲ್ಲೂ ಹಾಗೇ. ಮೊದಲು ಮಿನಿಪರ್ಲ್ ಅಂತ ಕಟ್ಟುತ್ತಾರೆ. ಅದಕ್ಕೆ ಡೈನಾಲೋಡರ್ ಇಲ್ಲ, ಸಿ ಮಾಡ್ಯೂಲ್ ಯಾವುದೂ ಲೋಡ್ ಮಾಡಲಾರದು. ಅಕ್ಷರಜೋಡಣೆ ಅವರ ಮೊದಲ ಪ್ರೋಗ್ರಾಮ್ ಹೇಗಿತ್ತೋ ಹೆಚ್ಚುಕಡಿಮೆ ಹಾಗೇ. ಆದರೂ ಕನ್ಫಿಗ್ ಮಾಡ್ಯೂಲ್ ಬರೆಯುವುದು, ಪರ್ಲ್ ಮತ್ತು ಸಿ ಜೋಡಿಸುವ ಎಕ್ಸ್‌ಎಸ್ ಫೈಲುಗಳನ್ನು ಸಿ ಗೆ ತಿರುಗಿಸುವುದು, ಕೊನೆಗೆ ಪರ್ಲ್‌ಮೇನ್ ಡಾಟ್ ಸಿ ಬರೆಯುವುದು ಎಲ್ಲಾ ಆ ಮಿನಿಪರ್ಲೇ ಮಾಡುತ್ತದೆ. ತನ್ನ ದೊಡ್ಡಣ್ಣನ ಸ್ಟಾರ್ಟಪ್ ಕೋಡನ್ನು ತಾನೇ ಬರೆದುಕೊಡುತ್ತದೆ. ರೂಬಿಯಲ್ಲಿ ಮಿನಿರೂಬಿ ಇದೆ. ಈ ಪದ್ಧತಿ ನನಗೆ ತುಂಬಾ ಇಷ್ಟ. ಮೊದಲ ಸಲ ಮೇಕ್ ಕೊಟ್ಟು ಪರದೆ ಮೇಲೆ ಮಿನಿಪರ್ಲ್ ಕೆಲಸ ಮಾಡುವುದು ನೋಡಿದ ದಿನ ಇನ್ನೂ ನೆನಪಿದೆ.

ಕರಾವಳಿ ಕೋಡರ್:
ಲೂಆ ಭಾಷೆ ಬಳಸಿ, ಈ ತಲೆನೋವೇ ಇಲ್ಲ. ಲಿನಿಟ್ ಡಾಟ್ ಸಿ ಅಂತ ಒಂದು ಚಿಕ್ಕ ಫೈಲ್. ಅದರಲ್ಲಿ ಲೈಬ್ರರಿ ಹೆಸರುಗಳ ಪಟ್ಟಿ. ಬೇಡದ್ದು ತೆಗೆಯಿರಿ, ಬೇಕಾದ್ದು ಸೇರಿಸಿ. ಜನರೇಟರ್ ಇಲ್ಲ ಏನಿಲ್ಲ.

ತುಂಗಾತೀರ:
ಲೂಆ ಚೆನ್ನಾಗಿದೆ ಸರ್, ಒಪ್ಪುತ್ತೇನೆ. ಆದರೆ ಅವರ ಹತ್ತಿರ ಇರುವುದು ಪರ್ಲ್ ರೆಜೆಕ್ಸ್. ಲೂಆದ ಪ್ಯಾಟರ್ನ್‌ನಲ್ಲಿ 'ಇದು ಅಥವಾ ಅದು' ಅಂತ ಬರೆಯಲೂ ಬರುವುದಿಲ್ಲ. ಅಪ್ಪ ಕೂಡಿಟ್ಟ ಆ ಸಾಲುಗಳನ್ನು ಉಳಿಸಿಕೊಳ್ಳಲಿಕ್ಕೇ ಅವರು ಇಷ್ಟು ಒದ್ದಾಡುತ್ತಿರುವುದು.

ಚಂದಿರ:
ಫೆಡೋರಾ ಲಿನಕ್ಸ್‌ನವರಿಗೆ: ಎಕ್ಸ್‌ಯುಟಿಲ್ಸ್ ಎಂಬೆಡ್ ಬೇರೆ ಪ್ಯಾಕೇಜಾಗಿ ಬರುತ್ತದೆ. ಅಲ್ಲಿನ ಇನ್‌ಸ್ಟಾಲರ್ ಡಿಎನ್‌ಎಫ್‌ನಲ್ಲಿ ಹಾಕಿಕೊಳ್ಳಬೇಕು.

ಕರಾವಳಿ ಕೋಡರ್:
ಎಂಬೆಡ್ ಯಾಕೆ ಬೇಕು ಅನ್ನೋದೇ ನನ್ನ ಪ್ರಶ್ನೆ. ಪರ್ಲನ್ನು ಬೇರೆ ಪ್ರೋಸೆಸ್ ಆಗಿ ಒಂದೇ ಸಲ ಶುರು ಮಾಡಿ, ಪೈಪ್‌ನಲ್ಲಿ ಸಾಲು ಕೊಟ್ಟು ಸಾಲು ತಗೊಳ್ಳಿ. ಪರ್ಲ್ ಸತ್ತರೂ ನಿಮ್ಮ ಪ್ರೋಗ್ರಾಮ್ ಸಾಯುವುದಿಲ್ಲ.

ಅಕ್ಷರಜೋಡಣೆ:
ಅದನ್ನೇ ಮೊದಲು ಮಾಡಿದ್ದೆ ಸರ್. ಪುಸ್ತಕದ ಪುಟ ತೋರಿಸುತ್ತಾ, ಕ್ಲಿಕ್ ಮಾಡಿದ ಪ್ಯಾರಾವನ್ನು ಅಲ್ಲೇ ತಿರುಗಿಸಿ ಅಕ್ಕಪಕ್ಕ ಇಟ್ಟು ನೋಡುವ ಪ್ರೋಗ್ರಾಮ್ ಇದು. ಪೈಪ್‌ನಲ್ಲಿ ಬಫರ್ ತುಂಬಿ ಎರಡೂ ಕಡೆ ಕಾಯುತ್ತಾ ಕೂತುಬಿಡುತ್ತಿತ್ತು. ಜೊತೆಗೆ ತಿದ್ದುಪಡಿ ಪದಗಳ ಪಟ್ಟಿ ನನ್ನ ಸಿ ಕಡೆ ಇದೆ, ಅದನ್ನು ಪರ್ಲ್ ಸ್ಕ್ರಿಪ್ಟ್ ನೇರ ಕೇಳಬೇಕು. ಎಂಬೆಡ್ ಮಾಡಿದರೆ ಒಂದು ಫಂಕ್ಷನ್ ಕಾಲ್‌ನಲ್ಲಿ ಮುಗಿಯುತ್ತದೆ.

ಕರಾವಳಿ ಕೋಡರ್:
ಹಾಗಾದರೆ ಎಂಬೆಡ್ ಸರಿ. ಮಾತು ವಾಪಸ್.

ನೆರಳುಬೆಳಕು:
ವಿಷಯ ಸ್ವಲ್ಪ ಬೇರೆ, ಆದರೂ ಹೇಳ್ತೀನಿ. ಸ್ಟಾರ್ಟಪ್ ವಿಷಯದಲ್ಲಿ ಈಮ್ಯಾಕ್ಸ್ ಅನ್ನೋ ಎಡಿಟರ್ ಮಾಡುತ್ತಿದ್ದದ್ದು ಇನ್ನೂ ವಿಚಿತ್ರ. ಟೀಮ್ಯಾಕ್ಸ್ ಅಂತ ಬರೀ ಇಂಟರ್‌ಪ್ರಿಟರ್ ಕಟ್ಟಿ, ಅದರೊಳಗೆ ಲಿಸ್ಪ್ ಫೈಲುಗಳನ್ನೆಲ್ಲಾ ಲೋಡ್ ಮಾಡಿ, ಆಮೇಲೆ ಆ ಮೆಮೊರಿಯನ್ನು ಹಾಗೇ ಎಕ್ಸಿಕ್ಯೂಟಬಲ್ ಫೈಲಾಗಿ ಬರೆದುಬಿಡುತ್ತಿದ್ದರು. ಅನ್‌ಎಕ್ಸೆಕ್ ಅಂತ ಹೆಸರು. ಗ್ಲಿಬ್‌ಸಿ (ಲಿನಕ್ಸ್‌ನ ಸಿ ಲೈಬ್ರರಿ) ತನ್ನ ಮ್ಯಾಲಾಕ್ (ಮೆಮೊರಿ ಹಂಚುವ ಫಂಕ್ಷನ್) ಒಳಗಿನ ಏರ್ಪಾಡು ಬದಲಿಸಲು ಹೊರಟಾಗ ಇದು ದೊಡ್ಡ ತಕರಾರಾಯಿತು. 2020ರಲ್ಲಿ ಬಂದ 27ನೇ ಆವೃತ್ತಿಯಲ್ಲಿ ಪೋರ್ಟಬಲ್ ಡಂಪರ್ ತಂದು, ಡೇಟಾವನ್ನು ಬೇರೆ ಫೈಲಿನಲ್ಲಿ ಇಟ್ಟು ಶುರುವಾದಾಗ ಓದುವ ಹಾಗೆ ಮಾಡಿದರು.

ಮೇಕ್‌ಫೈಲ್ ಮಂಜ:
ಈಮ್ಯಾಕ್ಸ್ ಮಾತು ಶುರುವಾಯಿತು ಅಂದ್ರೆ ಇನ್ನು ಅದರ ಎದುರಾಳಿ ಎಡಿಟರ್ ವಿಮ್‌ನವರು ಬರ್ತಾರೆ. ವಿಮ್‌ನೊಳಗೂ ಪರ್ಲ್ ಎಂಬೆಡ್ ಮಾಡಬಹುದು. ಅದರ ಬಿಲ್ಡ್‌ನಲ್ಲೂ ಎಕ್ಸ್‌ಯುಟಿಲ್ಸ್ ಎಂಬೆಡ್ ಕೇಳಿಯೇ ಆಪ್ಷನ್ ತಗೊಳ್ಳುತ್ತಾರೆ. ಅದು ನನ್ನ ವಾದಕ್ಕೆ ವಿರುದ್ಧ ಅಂತ ಗೊತ್ತು, ಆದರೂ ಇದ್ದದ್ದು ಹೇಳಬೇಕಲ್ಲ.

ಅಕ್ಷರಜೋಡಣೆ:
ಆಯಿತು!! ಮೇಕ್‌ಫೈಲಿನಲ್ಲಿ ಒಂದೇ ಪರ್ಲ್ ಪಾಥ್ ಇಟ್ಟೆ, ಪರ್ಲ್‌ಬ್ರೂದು. ಮೂರನ್ನೂ ಅದರಿಂದಲೇ ಕೇಳಿದೆ. ಹಳೇ ಆಬ್ಜೆಕ್ಟ್ ಫೈಲೆಲ್ಲಾ ಅಳಿಸಿ ಮೊದಲಿಂದ ಬಿಲ್ಡ್ ಮಾಡಿದೆ. ಎನ್‌ಕೋಡ್ ಬಂತು, ಯೂನಿಕೋಡ್ ನಾರ್ಮಲೈಜ್ ಕೂಡ ಬಂತು.

ನಾರ್ಮಲೈಜ್ ಯಾಕೆ ಅಷ್ಟು ಮುಖ್ಯ ಅಂತ ಹೇಳ್ತೀನಿ. ನುಡಿಯಲ್ಲಿ 'ಕೋ' ಅಕ್ಷರ ಒಂದೇ ತುಂಡಲ್ಲ. 'ಕೆ' ಬರೆದು, ಆಮೇಲೆ ಕೊಂಬಿನ ದೀರ್ಘ, ಆಮೇಲೆ ಕೊನೆಯ ದೀರ್ಘದ ಗುರುತು. ನಮ್ಮ ಸ್ಕ್ರಿಪ್ಟ್ ಒಂದಕ್ಕೊಂದು ತಿರುಗಿಸಿದಾಗ ಯೂನಿಕೋಡಿನಲ್ಲೂ ಆ ಸ್ವರಚಿಹ್ನೆ ಮೂರು ತುಂಡಾಗಿಯೇ ಬರುತ್ತದೆ. ಕಣ್ಣಿಗೆ 'ಕೋ' ಅಂತಲೇ ಕಾಣುತ್ತದೆ. ಆದರೆ ಕೀಬೋರ್ಡಿನಲ್ಲಿ 'ಕೋಟೆ' ಅಂತ ಹೊಡೆದು ಹುಡುಕಿದರೆ ಸಿಗುವುದಿಲ್ಲ, ಯಾಕೆಂದರೆ ಕೀಬೋರ್ಡ್ ಕೊಡುವುದು ಒಂದೇ ತುಂಡಿನ ಚಿಹ್ನೆ. ನಾರ್ಮಲೈಜ್‌ನ ಎನ್‌ಎಫ್‌ಸಿ (ತುಂಡುಗಳನ್ನು ಕೂಡಿಸುವ ರೂಪ) ಮಾಡಿದರೆ ಮೂರೂ ಸೇರಿ ಒಂದಾಗುತ್ತವೆ. ಈಗ ಒಂದು ಕಾದಂಬರಿಯ ಮೊದಲ ಅಧ್ಯಾಯ ತಿರುಗಿಸಿ 'ಕೋಟೆ' ಹುಡುಕಿದೆ, ಸಿಕ್ಕಿತು. ಅಪ್ಪನನ್ನು ಕರೆದು ತೋರಿಸಿದೆ.

ಲಿನಕ್ಸ್ ಅಜ್ಜ:
ಬಹಳ ಸಂತೋಷ. ಪರ್ಲ್‌ಎಕ್ಸ್‌ಎಸ್‌ಐ ಡಾಟ್ ಸಿ ಹೆಸರನ್ನು ಗಿಟ್‌ಇಗ್ನೋರ್‌ಗೆ (ಗಿಟ್ ಲೆಕ್ಕಿಸಬಾರದ ಫೈಲುಗಳ ಪಟ್ಟಿಗೆ) ಹಾಕಿ. ಪರ್ಲ್ ಬದಲಿಸಿದ ದಿನ ಮೇಕ್ ಕ್ಲೀನ್ ಕೊಟ್ಟು ಹಳೇ ಬಿಲ್ಡ್ ಫೈಲು ಅಳಿಸುವುದು ಮರೆಯಬೇಡಿ.

ಮೇಕ್‌ಫೈಲ್ ಮಂಜ:
ನಾನೂ ನನ್ನ ಫೈಲನ್ನು ಈಗ ಜನರೇಟ್ ಮಾಡಿದ್ದರ ಜೊತೆ ಡಿಫ್ ಹಾಕಿ ನೋಡಿದೆ. ಇನ್‌ಕ್ಲೂಡ್ ಸಾಲುಗಳು ಬೇರೆ ಇವೆ, ಕಾಮೆಂಟ್ ಬೇರೆ. ಬೂಟ್ ಸಾಲು ಒಂದೇ. ಓಡುವುದು ನಿಂತಿಲ್ಲ ನಿಜ, ಆದರೆ ಅಜ್ಜ ಹೇಳಿದ ಸ್ಟ್ಯಾಟಿಕ್ ವಿಷಯ ಮನಸ್ಸಿನಲ್ಲಿ ಉಳಿಯಿತು. ನಮ್ಮ ಇನ್ನೊಂದು ಮಷೀನಿನಲ್ಲಿ ಅಂಥ ಬಿಲ್ಡ್ ಇದೆ. ಮೇಕ್‌ಫೈಲಿಗೆ ರೂಲ್ ಸೇರಿಸುತ್ತೇನೆ.

ತುಂಗಾತೀರ:
ಅಕ್ಷರಜೋಡಣೆ ಅವರೇ, ಅರ್ಕಾವತ್ತು ಹೇಗೆ ಮಾಡಿದ್ದೀರಿ? ನುಡಿಯಲ್ಲಿ ಅದು ಅಕ್ಷರದ ನಂತರ ಬರುತ್ತದೆ, ಯೂನಿಕೋಡಿನಲ್ಲಿ ರಕಾರ ಮೊದಲು ಬರಬೇಕು. 'ಧರ್ಮ'ದಂಥದ್ದು ಸುಲಭ, ಆದರೆ ಒತ್ತಕ್ಷರದ ಮೇಲೆ ಅರ್ಕಾವತ್ತು ಬಂದಾಗ ನನ್ನ ರೆಜೆಕ್ಸ್ ತಪ್ಪುತ್ತದೆ.

ಅಕ್ಷರಜೋಡಣೆ:
ಹಿಂದಕ್ಕೆ ಹೋಗಿ ಇಡೀ ಅಕ್ಷರದ ಗುಂಪನ್ನು ಹಿಡಿಯಬೇಕು ಸರ್, ವ್ಯಂಜನ, ಅದರ ಒತ್ತು, ಸ್ವರಚಿಹ್ನೆ ಎಲ್ಲಾ ಸೇರಿಸಿ. ಬರೀ ಒಂದು ಕ್ಯಾರಕ್ಟರ್ ಹಿಂದೆ ಹೋದರೆ ತಪ್ಪುತ್ತದೆ. ಅಪ್ಪನ ಸಾಲು ನೋಡಿ ಬೇರೆ ಪೋಸ್ಟ್ ಹಾಕ್ತೀನಿ, ಅಂಗಡಿ ಬಾಗಿಲು ಹಾಕುವ ಹೊತ್ತಾಯಿತು.